ಮರಿಗಳ ಡ್ಯೂ ಕ್ಲಾ ತೆಗೆಸ್ಬೇಕಾ? ಮೊದ್ಲು ಬೆರಳಲ್ಲಿ ಹಿಡಿದು ನೋಡಿ

ಪ್ರಶ್ನೆ: ನಮ್ಮ ಕುರಿ ಕಾಯೋ ನಾಯಿ ಮೊನ್ನೆ ಆರು ಮರಿ ಹಾಕಿದೆ. ಅಪ್ಪ ಅಮ್ಮ ಎರಡೂ ಕೆಲಸದ ನಾಯಿಗಳೇ, ಮರಿಗಳೂ ಮುಂದೆ ಹಿಂಡಿನ ಜೊತೇನೇ ಓಡಾಡೋದು. ಆರಕ್ಕೂ ಮುಂಗಾಲಲ್ಲಿ ಡ್ಯೂ ಕ್ಲಾ, ಅಂದ್ರೆ ಪಾದಕ್ಕಿಂತ ಸ್ವಲ್ಪ ಮೇಲೆ ಕಾಲಿನ ಒಳಬದೀಲಿರೋ ಆ ಒಂಟಿ ಬೆರಳು, ಇದೆ, ಎರಡು ಮರಿಗೆ ಹಿಂಗಾಲಲ್ಲೂ ಇದೆ, ಅದ್ರಲ್ಲೊಂದಕ್ಕೆ ಬರೀ ಜೋತಾಡ್ತಿದೆ. ತುಂಬಾ ವರ್ಷದಿಂದ ನಾಯಿ ಸಾಕ್ತಿರೋರೊಬ್ರು "ಐದು ದಿನದೊಳಗೆ ಎಲ್ಲಾ ಕತ್ತರಿಸ್ಬಿಡಿ, ಈಗ ನೋವೇ ಆಗಲ್ಲ, ಇಲ್ಲಾಂದ್ರೆ ದಾರ ಬಿಗೀರಿ ತಾನೇ ಉದುರತ್ತೆ, ಬಿಟ್ರೆ ಕೆಲಸ ಮಾಡೋವಾಗ ಹರ್ಕೊಳತ್ತೆ" ಅಂತಾರೆ. ಇನ್ನೊಬ್ರು ಮುಟ್ಲೇಬೇಡಿ ಅಂತಾರೆ. ಟೈಮ್ ಬೇರೆ ಇಲ್ಲ. ಏನ್ ಮಾಡ್ಲಿ?

ಉತ್ತರ: ಮೊದಲ್ನೇ ಮಾತು, ದಾರ ಬೇಡ. ಆಗ್ಲೇ ಕಟ್ಟಿದ್ರೆ ಇದನ್ನ ಓದೋದು ಇಲ್ಲಿಗೇ ನಿಲ್ಸಿ, ಹೋಗಿ ಬಿಚ್ಚಿ ಬನ್ನಿ. ದಾರ ಕಟ್ಟಿದ್ರೆ ಬೆರಳು ಉದುರೋದು ಹೇಗೆ ಅಂದ್ರೆ ರಕ್ತ ನಿಂತು, ಮಾಂಸ ಸತ್ತು, ಕೊಳೆತು ಬೀಳೋದು. ಅದಕ್ಕೆ ದಿನಗಟ್ಲೆ ಹಿಡಿಯತ್ತೆ, ಅಷ್ಟೂ ದಿನ ನೋವು, ಜೊತೆಗೆ ಕೊಳೀತಿರೋ ಆ ಜಾಗದಿಂದ ಇನ್ಫೆಕ್ಷನ್ ಒಳಗೆ ಹೋಗಕ್ಕೆ ಬಾಗಿಲು ತೆಗೆದಿಟ್ಟ ಹಾಗೆ. ತಾಯಿ ಸುಮ್ನಿರಲ್ಲ, ನೆಕ್ಕಿ ನೆಕ್ಕಿ ಕಚ್ಚಿ ಎಳೀತಾಳೆ. ಕತ್ತರಿಸೋದ್ರ ಬಗ್ಗೆ ಎರಡು ಅಭಿಪ್ರಾಯ ಇರಬಹುದು, ದಾರದ ಬಗ್ಗೆ ಇಲ್ಲ.

ಇನ್ನು ನಿಮ್ಮ ಪ್ರಶ್ನೆ. ನಿಮಗೆ ಸಲಹೆ ಕೊಟ್ಟ ಇಬ್ರೂ ಅರ್ಧರ್ಧ ಸರಿ, ಯಾಕಂದ್ರೆ ಮುಂಗಾಲಿಂದೂ ಹಿಂಗಾಲಿಂದೂ ಎರಡೂ ಒಂದೇ ಅಂದ್ಕೊಂಡು ಮಾತಾಡ್ತಿದಾರೆ. ಹೆಸರು ಒಂದೇ ಆದ್ರೂ ವಸ್ತು ಬೇರೆ ಬೇರೆ.

ಮುಂಗಾಲಿಂದು ತಗೊಳ್ಳಿ. ಅದು ನಾಯಿಯ ಹೆಬ್ಬೆರಳು, ನಮ್ಮ ಕೈಯಲ್ಲಿ ಹೆಬ್ಬೆರಳು ಎಲ್ಲಿದ್ಯೋ ಅದೇ ಜಾಗದ ಬೆರಳು. ಉಳಿದ ನಾಲ್ಕು ಬೆರಳಲ್ಲಿ ಮೂರು ಮೂರು ಮೂಳೆ ಇದ್ರೆ ಇದರಲ್ಲಿ ಎರಡು, ನಮ್ಮ ಹೆಬ್ಬೆರಳಲ್ಲೂ ಎರಡೇ, ಬೇಕಾದ್ರೆ ಈಗ್ಲೇ ಮಡಚಿ ನೋಡ್ಕೊಳ್ಳಿ. ಆ ಮೂಳೆಗಳು ಮೇಲಿನ ಇನ್ನೊಂದು ಮೂಳೆಗೆ ಕೀಲಿನಿಂದ ಸೇರಿರ್ತವೆ, ಅದಕ್ಕೆ ಟೆಂಡನ್ನುಗಳು, ಅಂದ್ರೆ ಸ್ನಾಯುವನ್ನ ಮೂಳೆಗೆ ಕಟ್ಟೋ ಹುರಿಗಳು, ಬಂದು ಅಂಟ್ಕೊಂಡಿರ್ತವೆ, ಆ ಟೆಂಡನ್ನುಗಳ ಇನ್ನೊಂದು ತುದೀಲಿ ಮುಂಗಾಲಿನ ಸ್ನಾಯುಗಳಿರ್ತವೆ. ಅಂದ್ರೆ ಅದು ಚರ್ಮದಲ್ಲಿ ಹುಟ್ಟಿರೋ ನರೂಲಿ ಅಲ್ಲ, ಪೂರ್ತಿ ವೈರಿಂಗ್ ಆಗಿರೋ ಬೆರಳು. ಟೆಂಡನ್ ಕತ್ತರಿಸಿದ್ರೆ ಆ ಸ್ನಾಯುಗೆ ಮಾಡೋ ಕೆಲಸ ಇಲ್ದೆ ಸೊರಗತ್ತೆ.

"ಆದ್ರೆ ನೆಲಕ್ಕೇ ತಾಗಲ್ವಲ್ಲ ಡಾಕ್ಟ್ರೇ" ಅಂತ ಎಲ್ರೂ ಕೇಳ್ತಾರೆ. ನಿಂತಾಗ ತಾಗಲ್ಲ, ನಿಧಾನಕ್ಕೆ ನಡೆಯೋವಾಗ್ಲೂ ತಾಗಲ್ಲ. ನಾಯಿ ನಾಗಾಲೋಟದಲ್ಲಿ ಓಡೋದನ್ನ ಮೊಬೈಲಲ್ಲಿ ಸ್ಲೋ ಮೋಶನ್ ಹಾಕಿ ವಿಡಿಯೋ ತೆಗೀರಿ, ಆಮೇಲೆ ಮುಂಗಾಲು ನೆಲಕ್ಕೆ ಬಿದ್ದ ಆ ಒಂದು ಕ್ಷಣದಲ್ಲಿ ನಿಲ್ಸಿ ನೋಡಿ. ಪೂರ್ತಿ ಭಾರ ಒಂದೇ ಕಾಲ ಮೇಲೆ ಬಿದ್ದಿರತ್ತೆ, ಮಣಿಕಟ್ಟು ಹಿಂದಕ್ಕೆ ಎಷ್ಟು ಬಗ್ಗಿರತ್ತೆ ಅಂದ್ರೆ ಪಾದದ ಹಿಂಭಾಗ ಹೆಚ್ಚುಕಮ್ಮಿ ಮಲಗೇಬಿಟ್ಟಿರತ್ತೆ, ಮಣಿಕಟ್ಟಿನ ಹಿಂದಿರೋ ಆ ಚಿಕ್ಕ ಪ್ಯಾಡೂ ಈ ಬೆರಳೂ ಎರಡೂ ನೆಲದಲ್ಲೇ. ಅದೇ ಹೊತ್ತಿಗೆ ಕುರಿ ಪಕ್ಕಕ್ಕೆ ತಿರುಗ್ತು ಅಂದ್ಕೊಳ್ಳಿ, ನಾಯೀನೂ ತಿರುಗ್ಬೇಕು, ಕಾಲು ನೆಲದಲ್ಲಿ ಊರಿರೋವಾಗ್ಲೇ ಮೇಲಿನ ದೇಹ ತಿರುಚತ್ತೆ, ಆಗ ಈ ಬೆರಳು ಮಣ್ಣಿಗೆ ಕಚ್ಚಿ ಮಣಿಕಟ್ಟು ತಿರುಚದ ಹಾಗೆ ಹಿಡಿಯತ್ತೆ. ಬೇರೆ ನಾಯಿಗಳಿಗಿಂತ ಈ ಹಿಡಿತ ಜಾಸ್ತಿ ಬೇಕಿರೋದು ನಿಮ್ಮದರಂಥ ಕೆಲಸದ ನಾಯಿಗಳಿಗೇ. ಸೋಫಾ ಮೇಲೆ ಮಲಗೋ ನಾಯಿಗೆ ಇದ್ರೂ ಒಂದೇ ಇಲ್ದಿದ್ರೂ ಒಂದೇ ಅಂತ ಬೇಕಾದ್ರೆ ವಾದ ಮಾಡಬಹುದು, ದಿನಕ್ಕೆ ನೂರು ಸಲ ಫುಲ್ ಸ್ಪೀಡಲ್ಲಿ ತಿರುಗೋ ನಾಯಿಗೆ "ಕೆಲಸದ ನಾಯಿ, ಅದಕ್ಕೇ ತೆಗೀತೀವಿ" ಅನ್ನೋದು ನನಗಂತೂ ತಲೆಕೆಳಗಾದ ಲೆಕ್ಕ ಅನ್ಸತ್ತೆ.

ಇದಲ್ದೆ ಮೂಳೆ ಕಡಿಯೋವಾಗ ಎರಡು ಕಾಲಿನ ಮಧ್ಯೆ ಒತ್ತಿ ಹಿಡ್ಕೊಳ್ಳೋದು, ಕಣ್ಣಿನ ಪಕ್ಕ ಕೆರ್ಕೊಳ್ಳೋದು, ಜಾರೋ ದಿಣ್ಣೆ ಹತ್ತೋದು, ನೀರಿಂದ ದಡಕ್ಕೆ ಹತ್ತೋವಾಗ ಅಂಚು ಹಿಡಿಯೋದು, ಎಲ್ಲದಕ್ಕೂ ಈ ಬೆರಳನ್ನ ಬಳಸ್ತವೆ. ಹೆಪ್ಪುಗಟ್ಟಿದ ಕೆರೆಯಲ್ಲಿ ಐಸ್ ಒಡೆದು ಬಿದ್ದ ನಾಯಿ ಮೇಲೆ ಬರೋದು ಮುಂಗಾಲು ಎರಡನ್ನೂ ಐಸ್ ಮೇಲೆ ಹಾಕಿ ಈ ಉಗುರು ಕಚ್ಚಿಸಿಕೊಂಡೇ.

ಕ್ರೀಡಾ ನಾಯಿಗಳನ್ನ ನೋಡೋ ಕೆಲವು ಪಶುವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಂಗಾಲಿನ ಡ್ಯೂ ಕ್ಲಾ ಇಲ್ದಿರೋ ನಾಯಿಗಳಲ್ಲಿ ವಯಸ್ಸಾದ ಮೇಲೆ ಮಣಿಕಟ್ಟಿನ ಆರ್ಥ್ರೈಟಿಸ್ ಜಾಸ್ತಿ ನೋಡ್ತೀವಿ ಅಂತಾರೆ. ಇದು ಅವರ ಕ್ಲಿನಿಕ್ ಅನುಭವದ ಮಾತು, ವರ್ಷಗಟ್ಲೆ ಎರಡು ಗುಂಪು ಮಾಡಿ ಹೋಲಿಸಿ ಸಾಬೀತು ಮಾಡಿದ್ದಲ್ಲ, ಹಾಗಾಗಿ ನಾನು ಇದರ ಮೇಲೆ ಪೂರ್ತಿ ಭಾರ ಹಾಕಲ್ಲ. ಇದಕ್ಕಿಂತ ಸ್ವಲ್ಪ ಗಟ್ಟಿ ಸಾಕ್ಷಿ ಅಂದ್ರೆ 2018ರಲ್ಲಿ ಅಮೆರಿಕದ ಪಶುವೈದ್ಯರ ಜರ್ನಲ್‌ನಲ್ಲಿ ಬಂದ ಒಂದು ಸರ್ವೆ, ಅಜಿಲಿಟಿ ಸ್ಪರ್ಧೆ, ಅಂದ್ರೆ ಅಡೆತಡೆ ಹಾರಿ ದಾಟಿ ಓಡೋ ಸ್ಪರ್ಧೆ, ನಾಯಿಗಳ ಬೆರಳಿನ ಗಾಯದ ಬಗ್ಗೆ. ಅದ್ರಲ್ಲಿ ಮುಂಗಾಲಿನ ಡ್ಯೂ ಕ್ಲಾ ಇಲ್ದಿರೋ ನಾಯಿಗಳಲ್ಲಿ ಬೆರಳಿಗೆ ಗಾಯ ಆಗೋ ಸಾಧ್ಯತೆ ಇರೋವಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಬಂತು. ಮಾಲೀಕರೇ ತುಂಬಿದ ಸರ್ವೆ ಅದು, ಅಜಿಲಿಟಿ ಮೈದಾನ ಬೇರೆ ಮುಳ್ಳಿನ ಪೊದೆ ಬೇರೆ, ಇದರಿಂದಾನೇ ಅದಾಯ್ತು ಅಂತ ಅದು ಹೇಳಲ್ಲ. ಆದ್ರೆ "ತೆಗೆದ್ರೆ ಗಾಯ ಕಮ್ಮಿ ಆಗತ್ತೆ" ಅನ್ನೋ ವಾದಕ್ಕೆ ಅದು ಉಲ್ಟಾ ಇದೆ ಅನ್ನೋದಂತೂ ನಿಜ. ಅದೇ ಸರ್ವೆಯಲ್ಲಿ ಗಾಯ ಜಾಸ್ತಿ ಮಾಡೋ ಇನ್ನೊಂದು ಕಾರಣ ಸಿಕ್ತು, ಉದ್ದ ಉಗುರು. ಇದಕ್ಕೆ ಆಮೇಲೆ ಬರ್ತೀನಿ, ಯಾಕಂದ್ರೆ ನನ್ನ ಪ್ರಕಾರ ಇಡೀ ವಿಷಯ ಇರೋದೇ ಅಲ್ಲಿ.

ಈಗ ಹಿಂಗಾಲು. ಬಹಳಷ್ಟು ನಾಯಿಗಳಿಗೆ ಅಲ್ಲಿ ಈ ಬೆರಳು ಇರೋದೇ ಇಲ್ಲ. ಇದ್ದಾಗ್ಲೂ ಎಷ್ಟೋ ಸಲ ಒಳಗೆ ಮೂಳೆಯ ಸಂಪರ್ಕ ಇರಲ್ಲ, ಚರ್ಮದ ಚೀಲದಲ್ಲಿ ಒಂದು ಚೂರು ಮೂಳೆ, ತುದೀಲಿ ಉಗುರು, ಅಷ್ಟೇ, ಗುಂಡಿ ದಾರದಲ್ಲಿ ಜೋತಾಡ್ತಿದ್ದ ಹಾಗೆ. ಇಂಥದ್ದು ಏನೂ ಹಿಡಿಯಲ್ಲ, ಊರಲ್ಲ, ಬೇಲಿಗೋ ಪೊದೆಗೋ ಸಿಕ್ಕಿದ್ರೆ ಹರಿಯತ್ತೆ ಅನ್ನೋದೂ ಸುಳ್ಳಲ್ಲ. ಆದ್ರೆ ಎಲ್ಲಾ ಹಿಂಗಾಲಿನ ಡ್ಯೂ ಕ್ಲಾನೂ ಹೀಗಲ್ಲ. ಫ್ರಾನ್ಸಿನ ಬೋಸ್ರಾನ್, ಬ್ರಿಯಾರ್ ತಳಿಗಳನ್ನ ನೋಡಿ, ಎರಡೂ ಕುರಿ ಕಾಯೋ ತಳಿಗಳೇ, ಗ್ರೇಟ್ ಪಿರನೀಸ್ ಹಿಂಡಿಗೆ ಕಾವಲಿರೋ ತಳಿ, ಈ ಮೂರಕ್ಕೂ ಹಿಂಗಾಲಲ್ಲಿ ಒಂದಲ್ಲ ಎರಡೆರಡು ಡ್ಯೂ ಕ್ಲಾ ಇರ್ಬೇಕು ಅಂತ ತಳಿಯ ಸ್ಟ್ಯಾಂಡರ್ಡೇ, ಅಂದ್ರೆ ಆ ತಳಿ ಹೇಗಿರ್ಬೇಕು ಅಂತ ಬರೆದಿಟ್ಟ ನಿಯಮಾನೇ, ಹೇಳತ್ತೆ. ನಾರ್ವೆಯ ಲುಂಡೆಹುಂಡ್ ಅಂತ ಒಂದು ತಳಿ ಇದೆ, ಸಮುದ್ರದ ಬಂಡೆ ಹತ್ತಿ ಪಫಿನ್ ಹಕ್ಕಿ ಹಿಡಿಯಕ್ಕೆ ಸಾಕ್ತಿದ್ದಿದ್ದು, ಅದಕ್ಕೆ ಒಂದೊಂದು ಕಾಲಲ್ಲಿ ಕನಿಷ್ಠ ಆರು ಬೆರಳು! ಕೆಲಸದ ನಾಯಿಗೆ ಹೆಚ್ಚಿನ ಬೆರಳು ಅಡ್ಡ ಅನ್ನೋರು ಇವಕ್ಕೆ ಏನ್ ಹೇಳ್ತಾರೋ ಗೊತ್ತಿಲ್ಲ.

ಹಾಗಾದ್ರೆ ನಿಮ್ಮ ಎರಡು ಮರಿಗಳದ್ದು ಯಾವ ಥರ? ಕೈ ಬೆಚ್ಚಗೆ ಮಾಡ್ಕೊಂಡು ಮರೀನ ಟವಲಲ್ಲಿ ಹಿಡ್ಕೊಳ್ಳಿ, ಎರಡು ಬೆರಳಲ್ಲಿ ಆ ಡ್ಯೂ ಕ್ಲಾದ ಬುಡ ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ಆಡ್ಸಿ. ಬುಡದಲ್ಲಿ ಕಡ್ಡಿ ಥರ ಗಟ್ಟಿಯಾಗಿ ಏನೋ ಸಿಕ್ತು, ಬೆರಳು ಆಡೋದು ಕಾಲಿನ ಜೊತೆ ಸೇರಿ ಅನ್ಸ್ತು ಅಂದ್ರೆ ಮೂಳೆ ಸೇರಿದೆ ಅಂತ. ಎಲ್ಲಾ ಕಡೆ ತಿರುಗತ್ತೆ, ಬುಡದಲ್ಲಿ ಎರಡು ಪದರ ಚರ್ಮ ಒಂದಕ್ಕೊಂದು ತಾಗಿದ ಹಾಗಷ್ಟೇ ಅನ್ಸತ್ತೆ ಅಂದ್ರೆ ಮೂಳೆ ಸೇರಿಲ್ಲ. ಇಷ್ಟು ಚಿಕ್ಕ ಮರೀಲಿ ನಿಮಗೆ ಅನುಮಾನ ಬಂದ್ರೆ ಅದು ಸಹಜ, ಅನುಮಾನ ಇದ್ರೆ ಮುಟ್ಬೇಡಿ, ದೊಡ್ಡದಾದ ಮೇಲೆ ಮತ್ತೆ ನೋಡೋಣ, ಈ ರೈಲು ಹೋದ್ರೆ ಇನ್ನೊಂದು ರೈಲಿದೆ.

ಇದೇ ಜನ ಮರೆಯೋ ವಿಷಯ. "ಐದು ದಿನ ದಾಟಿದ್ರೆ ಮುಗೀತು" ಅನ್ನೋ ಗಾಬರಿಯಿಂದಾನೇ ಎಷ್ಟೋ ಬೆರಳು ಹೋಗ್ತವೆ. ಸಾಮಾನ್ಯವಾಗಿ 3ರಿಂದ 5ನೇ ದಿನದೊಳಗೆ ತೆಗೀತಾರೆ ಅನ್ನೋದು ನಿಜ, ಆಗ ಮೂಳೆ ಮೆತ್ತಗಿರತ್ತೆ, ಕೆಲಸ ಬೇಗ ಮುಗಿಯತ್ತೆ. ಅದು ತಪ್ಪಿದ್ರೆ ಮುಂದೆ ಸಂತಾನಹರಣದ ಆಪರೇಶನ್ನಿಗೆ ಮಲಗಿಸ್ತೀವಲ್ಲ, ಆಗ ಒಟ್ಟಿಗೇ ತೆಗೀಬಹುದು, ಪೂರ್ತಿ ಅನಸ್ತೇಶಿಯಾದಲ್ಲಿ, ಸರಿಯಾದ ಹೊಲಿಗೆ ಹಾಕಿ, ಆಮೇಲೆ ನೋವಿನ ಔಷಧಿ ಕೊಟ್ಟು. ಜೋತಾಡೋ ಹಿಂಗಾಲಿನ ಬೆರಳಿಗಂತೂ ಅದು ಚಿಕ್ಕ ಕೆಲಸ. ಮುಂಗಾಲಿಂದು ದೊಡ್ಡ ನಾಯೀಲಿ ತೆಗೆಯೋದು ಸ್ವಲ್ಪ ಜಾಸ್ತಿ ಕೆಲಸ, ಕೀಲು ಬಿಡಿಸ್ಬೇಕು, ರಕ್ತನಾಳ ಕಟ್ಬೇಕು, ಕೆಲವು ವಾರ ಕೆಲಸಕ್ಕೆ ಬಿಡೋ ಹಾಗಿಲ್ಲ. ಆದ್ರೆ ಎಷ್ಟು ನಾಯಿಗೆ ಅದು ಬೇಕಾಗತ್ತೆ? ಆರು ಮರೀಲಿ ಮುಂದೆ ಯಾವುದೋ ಒಂದಕ್ಕೆ ಬೇಕಾಗಬಹುದು ಅಂತ ಆರರದ್ದೂ ಈಗ್ಲೇ ಕತ್ತರಿಸೋದು ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೂ ಅಲ್ಲ, ನೆಗಡಿ ಬರಬಹುದು ಅಂತ ಕೊಯ್ಕೊಂಡ ಹಾಗೆ.

"ಈಗ ನೋವೇ ಆಗಲ್ಲ" ಅನ್ನೋ ಮಾತಿಗೆ ಬರೋಣ. ನಾನೂ ಪ್ರಾಕ್ಟೀಸ್ ಶುರು ಮಾಡಿದ ವರ್ಷಗಳಲ್ಲಿ ಇದನ್ನೇ ನಂಬಿದ್ದೆ, ನಮಗೆ ಹೇಳ್ಕೊಟ್ಟಿದ್ದೂ ಹಾಗೇ, ಮರಿಯ ನರಗಳ ಮೇಲಿನ ಮೈಲಿನ್ ಹೊದಿಕೆ ಇನ್ನೂ ಪೂರ್ತಿ ಬೆಳೆದಿರಲ್ಲ ಅದಕ್ಕೇ ನೋವು ಗೊತ್ತಾಗಲ್ಲ ಅಂತ. ಜನ ಬುಟ್ಟೀಲಿ ಮರಿ ತರೋರು, ನಾನು ಕತ್ತರಿ ತಗೊಂಡು ಒಂದಾದ ಮೇಲೊಂದು ತೆಗೆದು ವಾಪಸ್ ಬುಟ್ಟಿಗೆ ಹಾಕ್ತಿದ್ದೆ. ಕಿರುಚ್ತಿದ್ವು, ಆಮೇಲೆ ತಾಯಿ ಹತ್ರ ಬಿಟ್ಟ ತಕ್ಷಣ ಮೊಲೆಗೆ ಬಾಯಿ ಹಾಕ್ತಿದ್ವು, ನೋಡಿ ಮರೆತೇಹೋಯ್ತು ಅಂತಿದ್ವಿ. ಈಗ ಅದನ್ನ ನೆನೆಸ್ಕೊಂಡ್ರೆ ಮುಜುಗರ ಆಗತ್ತೆ. ಮೈಲಿನ್ ಕಮ್ಮಿ ಇದ್ರೆ ಸಿಗ್ನಲ್ ನಿಧಾನ ಹೋಗತ್ತೆ ಅಷ್ಟೇ, ಹೋಗೋದೇ ಇಲ್ಲ ಅಂತಲ್ಲ, ನೋವು ಸಾಗಿಸೋ ನರಗಳಲ್ಲಿ ಒಂದು ಜಾತಿಗೆ ದೊಡ್ಡ ನಾಯೀಲೂ ಮೈಲಿನ್ ಇರಲ್ಲ. ಇನ್ನೂ ಒಂದು ವಿಷಯ, ಮೆದುಳಿಂದ ಕೆಳಗೆ ಬಂದು ನೋವನ್ನ ತಗ್ಗಿಸೋ ವ್ಯವಸ್ಥೆ ಇದ್ಯಲ್ಲ, ಅದು ಹುಟ್ಟಿದ ಮರೀಲಿ ಇನ್ನೂ ಬಲಿತಿರಲ್ಲ, ಹಾಗಾಗಿ ಮರಿಗೆ ನೋವು ಕಮ್ಮಿ ಅನ್ನೋದಕ್ಕಿಂತ ಜಾಸ್ತೀನೇ ಇರಬಹುದು ಅನ್ನೋ ಕಡೆಗೇ ಲೆಕ್ಕ ವಾಲತ್ತೆ. ಬಾಲ ಕತ್ತರಿಸೋದ್ರ ಬಗ್ಗೆ ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಒಂದು ಅಧ್ಯಯನ ಬಂತು, 3ರಿಂದ 5 ದಿನದ 50 ಮರಿಗಳನ್ನ ಕತ್ತರಿಸೋವಾಗ ಕೂತು ಗಮನಿಸಿದ್ರು, ಐವತ್ತಕ್ಕೆ ಐವತ್ತೂ ಕಿರುಚಿದ್ವು, ಒದ್ದಾಡಿದ್ವು. ಬೆರಳಿಗೆ ಬೇರೆ ನ್ಯಾಯ ಇರಲ್ಲ. ಮೊಲೆಗೆ ಬಾಯಿ ಹಾಕೋದು ನೋವಿಲ್ಲ ಅನ್ನೋದಕ್ಕೆ ಸಾಕ್ಷಿ ಅಲ್ಲ, ಪಾಪ ಆ ವಯಸ್ಸಿನ ಮರಿಗೆ ಸಮಾಧಾನ ಅಂತ ಗೊತ್ತಿರೋದು ಅದೊಂದೇ.

ಕಾನೂನು ಒಂದೊಂದು ಕಡೆ ಒಂದೊಂದು ಥರ. ಸಾಕುಪ್ರಾಣಿಗಳ ಬಗ್ಗೆ 1987ರ ಯುರೋಪಿನ ಒಪ್ಪಂದದಲ್ಲಿ ಚಿಕಿತ್ಸೆಗಲ್ದೆ ಬಾಲ, ಕಿವಿ ಕತ್ತರಿಸೋದು, ಉಗುರು ಕೀಳೋದು ಎಲ್ಲಾ ನಿಷೇಧ, ಪಶುವೈದ್ಯರಿಗೆ ಅಗತ್ಯ ಅನ್ಸಿದಾಗ ಮಾತ್ರ ವಿನಾಯ್ತಿ. ಬ್ರಿಟನ್ನಿನ 1966ರ ಕಾಯ್ದೆ ನೋಡಿದ್ರೆ, ಕಣ್ಣು ಬಿಡದ ಮರಿಯ ಡ್ಯೂ ಕ್ಲಾನ 18 ತುಂಬಿದ ಯಾರು ಬೇಕಾದ್ರೂ ತೆಗೀಬಹುದು ಅಂತಿದೆ. ಕಾನೂನು ಬಿಟ್ಟಿದೆ ಅಂದ್ರೆ ಮನೇಲಿ ಮಾಡೋದು ಸುಲಭ ಅಂತಲ್ಲ ಮಾತ್ರ.

ಯಾಕೆ ಸುಲಭ ಅಲ್ಲ ಹೇಳ್ತೀನಿ. 400 ಗ್ರಾಂ ಮರೀಲಿ ಒಟ್ಟು ರಕ್ತ ಇರೋದೇ ಮೂವತ್ತು ಚಿಲ್ಲರೆ ಎಂಎಲ್. ಅದ್ರಲ್ಲಿ 3 ಎಂಎಲ್ ಹೋದ್ರೆ ನೋಡಕ್ಕೆ ಬಟ್ಟೆ ಮೇಲೆ ಒಂದು ಕಲೆ ಅಷ್ಟೇ, ಲೆಕ್ಕದಲ್ಲಿ ಹತ್ತನೇ ಒಂದು ಭಾಗ. ನಾಲ್ಕು ಕಾಲಿಂದ ಒಟ್ಟಿಗೆ ಸುರೀತು ಅಂದ್ರೆ ಲೆಕ್ಕ ನೀವೇ ಹಾಕಿ. ಮೊದಲ ವಾರದಲ್ಲಿ ಮರಿಗೆ ತನ್ನ ಮೈ ತಾನೇ ಬೆಚ್ಚಗಿಟ್ಕೊಳ್ಳಕ್ಕೆ ಬರಲ್ಲ, ನಡುಗೋದೂ ಗೊತ್ತಿಲ್ಲ, ತಾಯಿಯಿಂದ ದೂರ ಇಟ್ಟಷ್ಟು ಹೊತ್ತೂ ತಣ್ಣಗಾಗ್ತಾ ಹೋಗತ್ತೆ, ತಣ್ಣಗಾದ ಮರಿ ಹಾಲು ಕುಡಿಯಲ್ಲ, ಅಲ್ಲಿಂದ ಇಳಿಜಾರು. ಇನ್ನು ಅರ್ಧ ಕತ್ತರಿಸಿ ಬಿಡೋದು. ಉಗುರು ಹುಟ್ಟೋ ಬೇರು ಚೂರು ಉಳಿದ್ರೂ ಸಾಕು, ತಿಂಗಳುಗಳಾದ ಮೇಲೆ ಅಲ್ಲಿಂದ ಸೊಟ್ಟಗೆ ಕೊಂಬಿನ ಹಾಗೆ ಉಗುರು ಬರತ್ತೆ, ಕೆಲವು ಸಲ ಚರ್ಮದ ಒಳಗೇ ಬೆಳೆಯತ್ತೆ. ಹೀಗೆ ಮನೆ ಕತ್ತರಿಯಿಂದ ತೆಗೆಸ್ಕೊಂಡ ನಾಯಿಗಳನ್ನ ಆಮೇಲೆ ನಾನೇ ಮಲಗಿಸಿ ಸರಿ ಮಾಡಿದೀನಿ, ಬಿಟ್ಟಿದ್ರೆ ಒಂದು ಸೆಕೆಂಡಲ್ಲಿ ತುದಿ ಕತ್ತರಿಸಿದ್ರೆ ಮುಗೀತಿದ್ದ ಕೆಲಸ. ಮರಗಟ್ಟಿಸೋ ಇಂಜೆಕ್ಷನ್ನೂ ಮನೇಲಿ ಪ್ರಯೋಗ ಮಾಡೋದಲ್ಲ, ಇಷ್ಟು ಚಿಕ್ಕ ಮರಿಗೆ ಅದು ಒಂದು ಹನಿ ಜಾಸ್ತಿ ಆದ್ರೂ ವಿಷ.

ಈಗ ಉಗುರಿನ ವಿಷಯ. ಡ್ಯೂ ಕ್ಲಾ ಹರ್ಕೊಂಡು ನನ್ನ ಟೇಬಲ್ ಮೇಲೆ ಬಂದ ನಾಯಿಗಳಲ್ಲಿ ಬಹುಪಾಲು ನಾನು ನೋಡೋದು ಒಂದೇ ದೃಶ್ಯ, ಉಗುರು ಕುಡುಗೋಲಿನ ಥರ ಬಾಗಿ ಬೆಳೆದಿರತ್ತೆ. ಉಳಿದ ಉಗುರುಗಳು ನೆಲಕ್ಕೆ ಉಜ್ಜಿ ಸವೀತವೆ, ಇದು ಅಷ್ಟು ಸವೆಯಲ್ಲ, ಬಿಟ್ರೆ ಸುತ್ತಿ ಬಂದು ತನ್ನದೇ ಬೆರಳಿನ ಮಾಂಸಕ್ಕೆ ಚುಚ್ಕೊಳತ್ತೆ. ಉದ್ದ ಕೂದಲಿನ ನಾಯೀಲಿ ಅದು ಕಾಣೋದೂ ಇಲ್ಲ. ಅಂಥ ಉಗುರು ಪೊದೆಗೆ ಸಿಕ್ಕದೆ ಇನ್ನೇನಾಗತ್ತೆ? ಅಂದ್ರೆ ತಪ್ಪು ಬೆರಳಿಂದಲ್ಲ, ಉಗುರು ಕತ್ತರಿಸದೇ ಇದ್ದವರದು. ಸ್ವಲ್ಪ ಖಾರವಾಗಿ ಹೇಳ್ಬಿಟ್ಟೆ, ಆದ್ರೆ ಹಾಗೇ ಇದೆ. ಮತ್ತೆ ಬೇರೆ ಬೆರಳಿನ ಉಗುರೂ ಮುರಿಯತ್ತೆ, ಕಿತ್ತು ಬರತ್ತೆ, ಅದಕ್ಕೆ ಅಂತ ಯಾರೂ ಆ ನಾಲ್ಕು ಬೆರಳನ್ನ ಮರೀಲೇ ಕತ್ತರಿಸಲ್ಲ ಅಲ್ವಾ?

ನಿಮ್ಮ ಮರಿಗಳಿಗೆ ಎರಡನೇ ವಾರದ ಕೊನೆಯಿಂದಾನೇ ಶುರು ಮಾಡಿ, ನಮ್ಮ ಉಗುರು ಕತ್ತರಿಸೋ ಚಿಕ್ಕ ಕಟ್ಟರೇ ಸಾಕು, ಸೂಜಿ ಥರ ಇರೋ ತುದಿ ಮಾತ್ರ ತೆಗೀರಿ, ತಾಯಿಯ ಮೊಲೆ ಮೇಲಿನ ಗೀರೂ ಕಮ್ಮಿ ಆಗತ್ತೆ. ಆಮೇಲೆ ಎರಡು ಮೂರು ವಾರಕ್ಕೊಂದ್ಸಲ. ಬಿಳಿ ಉಗುರಾದ್ರೆ ಒಳಗಿನ ಗುಲಾಬಿ ಭಾಗ, ಅಂದ್ರೆ ರಕ್ತ ನರ ಇರೋ ಕ್ವಿಕ್, ಕಾಣತ್ತೆ, ಅದಕ್ಕಿಂತ ಸ್ವಲ್ಪ ಮುಂದೆ ನಿಲ್ಸಿ. ಕಪ್ಪು ಉಗುರಾದ್ರೆ ತೆಳ್ಳಗೆ ಹಲ್ವಾ ಬಿಲ್ಲೆ ಥರ ಚೂರು ಚೂರೇ ತೆಗೀತಾ ಹೋಗಿ, ಕತ್ತರಿಸಿದ ಜಾಗದ ಮಧ್ಯೆ ಗಾಢ ಚುಕ್ಕೆ ಕಾಣಿಸ್ತಿದ್ದ ಹಾಗೆ ನಿಲ್ಸಿ. ಮುಳ್ಳು ಜಾಸ್ತಿ ಇರೋ ಕಡೆ ದಿನವಿಡೀ ಕೆಲಸ ಇದ್ರೆ ಮಣಿಕಟ್ಟಿನ ಕೆಳಗೆ, ಬೆರಳೂ ಸೇರಿಸಿ, ತನಗೆ ತಾನೇ ಅಂಟೋ ಬ್ಯಾಂಡೇಜ್ ಎರಡು ಸುತ್ತು ಸುತ್ತಿ, ಬಿಗಿ ಬೇಡ, ಕೆಲಸ ಮುಗಿದ ತಕ್ಷಣ ಬಿಚ್ಚಿ. ಎಷ್ಟು ಹುಷಾರಿದ್ರೂ ಒಂದ್ಸಲ ಹರೀತು ಅಂದ್ಕೊಳ್ಳಿ, ರಕ್ತ ನೋಡಿ ಹೆದರ್ಬೇಡಿ, ಶುದ್ಧ ಬಟ್ಟೇಲಿ ಐದ್ಹತ್ತು ನಿಮಿಷ ಬಿಡದೆ ಒತ್ತಿ ಹಿಡೀರಿ, ನಡುನಡುವೆ ತೆಗೆದು ನೋಡ್ಬೇಡಿ. ಉಗುರು ಅರ್ಧ ನೇತಾಡ್ತಿದ್ರೆ ಎಳೀಬೇಡಿ, ವೈದ್ಯರು ಮಂಪರು ಕೊಟ್ಟು ತೆಗೀತಾರೆ, ನೋವು ಜೋರಿದ್ರೂ ಉಗುರು ಮತ್ತೆ ಬರತ್ತೆ. ಒಂದೇ ನಾಯಿಗೆ ಅದೇ ಬೆರಳು ಪದೇ ಪದೇ ಹರೀತಾ ಇದೆ, ಅಥವಾ ಅಲ್ಲಿ ಗಡ್ಡೆ ಬಂತು, ಮೂಳೆಗೆ ಇನ್ಫೆಕ್ಷನ್ ಆಯ್ತು ಅಂದ್ರೆ ಆಗ ಆ ನಾಯಿಯ ಆ ಬೆರಳನ್ನ ತೆಗೆಯೋಣ, ನಾನೇ ತೆಗೀತೀನಿ.

ಹಾಗಾಗಿ ನಿಮ್ಮ ಆರು ಮರಿಗಳ ಮುಂಗಾಲಿನ ಹನ್ನೆರಡು ಬೆರಳೂ ಹಾಗೇ ಇರ್ಲಿ. ಹಿಂಗಾಲಲ್ಲಿ ಇರೋ ಎರಡು ಮರೀಲಿ, ಜೋತಾಡ್ತಿಲ್ದೇ ಇರೋ ಮರೀನ ಹೇಳಿದ ಹಾಗೆ ಹಿಡಿದು ನೋಡಿ, ಗಟ್ಟಿ ಇದ್ರೆ ಬಿಡಿ. ಜೋತಾಡ್ತಿರೋ ಮರೀನ ಮಾತ್ರ ಪಶುವೈದ್ಯರಿಗೆ ತೋರ್ಸಿ, "ಮರಗಟ್ಟಿಸಿ ತೆಗೀತೀರಾ, ಆಮೇಲೆ ನೋವಿಗೆ ಏನು ಕೊಡ್ತೀರಾ" ಅಂತ ಮೊದ್ಲೇ ಕೇಳಿ, ಇಷ್ಟು ಚಿಕ್ಕದಕ್ಕೆ ಅದೆಲ್ಲ ಯಾಕೆ ಅಂದ್ರೆ ವಾಪಸ್ ಕರ್ಕೊಂಡು ಬನ್ನಿ, ಆಪರೇಶನ್ ವಯಸ್ಸಿನ ತನಕ ಕಾಯಬಹುದು, ಅಲ್ಲಿತನಕ ಆ ಉಗುರು ಚಿಕ್ಕದಾಗಿಟ್ರೆ ಸಾಕು. ತೆಗೆಸಿದ್ರೆ ತಾಯೀನ ಬೇರೆ ಮರಿಗಳ ಜೊತೆ ಮನೇಲಿ ಬಿಟ್ಟು ಈ ಮರೀನ ಬಟ್ಟೆ ಸುತ್ತಿದ ಬಿಸಿನೀರಿನ ಬಾಟ್ಲಿ ಪಕ್ಕ ಇಟ್ಟು ಕರ್ಕೊಂಡು ಹೋಗಿ, ಬಂದ ಮೇಲೆ ತಾಯಿ ಗಾಯ ಜಾಸ್ತಿ ನೆಕ್ತಾಳಾ ಅಂತ ಮೊದಲ ದಿನ ಪಕ್ಕದಲ್ಲೇ ಕೂತು ನೋಡಿ, ಒಂದು ವಾರ ದಿನಾ ತೂಕ ಹಾಕಿ ಬರೆದಿಡಿ. ತೂಕ ಏರೋದು ಒಂದು ದಿನ ನಿಂತ್ರೂ, ಗಾಯದ ಸುತ್ತ ಕೆಂಪಗೆ ಊದಿದ್ರೂ ಮಾರನೇ ದಿನಕ್ಕೆ ಕಾಯ್ಬೇಡಿ, ಅವತ್ತೇ ತೋರ್ಸಿ.